ಗೋರೆಗಾಂವದಲ್ಲಿದ್ದ ಕಿಡ್ನಿ

ಪರೇಲಿನ ಅಂಬವ್ವನ ಖಾನಾವಳಿಯಲ್ಲಿ ಉಂಡವರಿಗೆಲ್ಲ ಆಕೆಯ ಎಣ್ಣೆಗಾಯಿ ಗೊತ್ತು, ಆಕೆಯ ಬಾಯಿಯೂ ಗೊತ್ತು. ರೊಟ್ಟಿ ಆರಲು ಬಿಟ್ಟು ಪೇಪರ್ ಓದುತ್ತ ಕೂತವರನ್ನು "ಪೇಪರಿಗೇ ಬೆಣ್ಣಿ ಹಚ್ಚಿ ಕೊಡ್ಲೇನು?" ಎಂದು ಕೇಳುವ ಹೆಂಗಸು. ಇಷ್ಟು ಮಾತಾಡುವ ಅಂಬವ್ವ ಒಂದು ಸಂಗತಿಯನ್ನು ಮಾತ್ರ ಒಂಬತ್ತು ವರ್ಷ ಖಾನಾವಳಿಯ ಒಬ್ಬರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದು ಮೊದಲ ಸಲ ಆಕೆಯ ಬಾಯಿಂದ ಹೊರಬಿದ್ದದ್ದು ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ, ಸೋನೋಗ್ರಫಿಯ ಕತ್ತಲೆ ಕೋಣೆಯಲ್ಲಿ.

ಉಂಡ ಮೇಲೆ ಬಲಪಕ್ಕೆಯಲ್ಲಿ ಹಿಡಿದಂತಾಗುತ್ತದೆ ಎಂದದ್ದಕ್ಕೆ ಗಲ್ಲಿಯ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲಿರಬೇಕು, ಸೋನೋಗ್ರಫಿ ಮಾಡಿಸಿ ಬನ್ನಿ ಎಂದು ಕಳಿಸಿದ್ದರು. ಗಂಡ ಸಂಗಪ್ಪ ಜೊತೆಗೆ ಹೋಗಿದ್ದ. ಒಳಗೆ ಎಳೆವಯಸ್ಸಿನ ಡಾಕ್ಟರಬಾಯಿ ಹೊಟ್ಟೆಗೆ ತಣ್ಣನೆಯ ಲೋಳೆ ಬಳಿದು, ಸಾಬೂನಿನ ತುಂಡಿನಂಥದೊಂದನ್ನು ಅತ್ತಿತ್ತ ಆಡಿಸಿದಳು. ಕಲ್ಲಿಲ್ಲ ಎಂದಳು. ಅಂಬವ್ವ ಏಳಲು ಹೊರಟರೆ ಭುಜ ಹಿಡಿದು ಮಲಗಿಸಿದಳು. ಬಲಗಡೆ ಮತ್ತೆ ಮತ್ತೆ ನೋಡಿದಳು. ಆಮೇಲೆ ಎಡಗಡೆ ಹೊರಳಿಸಿ ನೋಡಿದಳು, ಬೆನ್ನಿನ ಕಡೆಯಿಂದ ನೋಡಿದಳು, ಯಂತ್ರದ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ಕೊನೆಗೆ ಸೋತು, ಇನ್ನೊಂದು ಕಿಡ್ನಿ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದಳು.

"ದೂಸ್ರಾ ಕಿಡ್ನಿ ಕಹಾಂ ಹೈ, ಬಾಯಿ?"

"ಗೋರೆಗಾಂವ್ ಮೇ," ಎಂದಳು ಅಂಬವ್ವ.

ಡಾಕ್ಟರಬಾಯಿಯ ಕೈ ನಿಂತಿತು. ಅಂಬವ್ವ ತನಗೆ ಬರುವ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ತಮ್ಮನ ಎರಡೂ ಕಿಡ್ನಿ ಹೋಗಿದ್ದವು, ತನ್ನದೊಂದನ್ನು ಕೊಟ್ಟೆ, ಅವನು ಗೋರೆಗಾಂವದಲ್ಲಿರುತ್ತಾನೆ, ಆದ್ದರಿಂದ ಅದೂ ಅಲ್ಲೇ ಇದೆ. ಬೇರೆಯವರಾಗಿದ್ದರೆ ನಗುತ್ತಿದ್ದರು. ಡಾಕ್ಟರಬಾಯಿ ನಗಲಿಲ್ಲ. ಪರದೆಯ ಮೇಲಿನ ಬೂದುಬಣ್ಣದ ಹುರುಳಿಕಾಳಿನ ಆಕಾರವನ್ನು ನೋಡಿದಳು, ಅದರ ಕೆಳತುದಿಯಲ್ಲಿ ಉಬ್ಬಿಕೊಂಡಿದ್ದ ಒಂದು ಗುಂಡನೆಯ ಕಲೆಯನ್ನು ನೋಡಿದಳು. ಹೊರಗೆ ಕೂತಿದ್ದ ಸಂಗಪ್ಪನನ್ನು ಒಳಗೆ ಕರೆಸಿದಳು. ಗಂಡನನ್ನು ಕರೆಸುತ್ತಾರೆಂದರೆ ಏನೋ ಕೆಟ್ಟದ್ದೇ ಇರಬೇಕೆಂದು ಅಂಬವ್ವನಿಗೆ ಆಗಲೇ ತಿಳಿಯಿತು.

ಕೊಟ್ಟದ್ದನ್ನು ಆಡಿ ತೋರಿಸಬಾರದು ಎಂಬುದು ಅಂಬವ್ವನ ಹಟ. ಗಿರಣಿ ಮುಷ್ಕರದ ಹಿಂದಿನ ವರ್ಷದ ಮಾತು ಅದು. ತಮ್ಮ ಪರಪ್ಪ ಪೇಂಟ್ ಕಾರ್ಖಾನೆಯಲ್ಲಿ ಆಗಷ್ಟೇ ಕಾಯಂ ಆಗಿದ್ದ. ಮುಖ ಬಾತು, ಕಾಲು ಬಾತು, ಕುಡಿಯುವ ನೀರನ್ನೂ ಅಳೆದು ಕುಡಿಯುವ ಹಾಗಾಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗುತ್ತಿದ್ದ. ನಂಟರಲ್ಲಿ ಯಾರ ರಕ್ತ ಹೊಂದುತ್ತದೆಂದು ನೋಡಿದಾಗ ಅಕ್ಕನದು ತಾಳೆಯಾಯಿತು. ವಿಜಾಪುರದಿಂದ ಬಂದ ದೊಡ್ಡಪ್ಪ, ಕೊಟ್ಟ ಹೆಣ್ಣಿನ ಮೈ ಗಂಡನ ಮನೆಯವರದು, ಸಂಗಪ್ಪನನ್ನು ಕೇಳಬೇಕು ಎಂದು ತಗಾದೆ ತೆಗೆದ. ಸಂಗಪ್ಪ ಕಡಿಮೆ ಮಾತಿನವನು. "ಮೈ ಆಕೀದು. ತಮ್ಮ ಆಕ್ಯಾಂವ. ನನ್ನ ಏನ್ ಕೇಳ್ತೀರಿ?" ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಗಿರಣಿಯ ಪಾಳಿಗೆ ಹೋದ. ಆ ಒಂದು ಮಾತಿಗಾಗಿ ಅಂಬವ್ವ ಗಂಡನ ಎಷ್ಟೋ ತಪ್ಪುಗಳನ್ನು ಇವತ್ತಿಗೂ ಮನ್ನಿಸುತ್ತಾಳೆ.

ಮರುವರ್ಷ ಮುಷ್ಕರವಾಯಿತು. ಪಾಳಿಗೆ ಕೂಗುವ ಗಿರಣಿಯ ಭೋಂಗಾ ನಿಂತಿತು, ಸಂಗಪ್ಪನ ಕೆಲಸವೂ ಹೋಯಿತು. ಚಾಳಿನ ಕೆಳಗಿನ ಕೋಣೆಯಲ್ಲಿ ಅಂಬವ್ವ ಒಲೆ ಹೂಡಿದಳು. ಒಂದೇ ಕಿಡ್ನಿಯ ಮೇಲೆ ಒಂದು ಖಾನಾವಳಿ ಕಟ್ಟಿದಳು, ಎರಡು ಮಕ್ಕಳನ್ನು ಓದಿಸಿದಳು. ಪಕ್ಕೆಯ ಮೇಲಿನ ಉದ್ದನೆಯ ಗಾಯದ ಗುರುತು ಕುಬಸದ ಕೆಳಗೆ ಸೀರೆಯೊಳಗೆ ಮುಚ್ಚಿಕೊಂಡೇ ಇತ್ತು. ಜೊತೆಗೆ ರೊಟ್ಟಿ ಬಡಿಯುವ ರಾಚವ್ವನಿಗೂ ಅದು ಗೊತ್ತಿರಲಿಲ್ಲ.

ಆದರೆ ಉಳಿದ ಒಂದೇ ಕಿಡ್ನಿಯಲ್ಲಿ ಗಡ್ಡೆಯಿದೆ ಎಂದು ಸೋನೋಗ್ರಫಿಯವಳು ಹೇಳಿದ್ದನ್ನು ಮುಚ್ಚಿಡುವುದು ಸಾಧ್ಯವಾಗಲಿಲ್ಲ. ದೊಡ್ಡದೊಂದು ಆಸ್ಪತ್ರೆಗೆ ಹೋದರೆ ಅಲ್ಲಿಯ ಹಿರಿಯ ಸರ್ಜನ್ನರು ಚಿತ್ರ ನೋಡಿ, ಇಡೀ ಕಿಡ್ನಿ ತೆಗೆಯಲೇಬೇಕು, ಆಮೇಲೆ ಜೀವಮಾನ ಪೂರ್ತಿ ಡಯಾಲಿಸಿಸ್ ಎಂದುಬಿಟ್ಟರು. ಆ ಯಂತ್ರ ಅಂಬವ್ವನಿಗೆ ಹೊಸದಲ್ಲ. ತಮ್ಮನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕೊಳವೆಯಲ್ಲಿ ಅವನ ರಕ್ತ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡಿದವಳು. ತಾನು ಅಲ್ಲಿ ಮಲಗಿದರೆ ಒಲೆ ಹಚ್ಚುವವರು ಯಾರು? ಅವತ್ತು ಆಕೆ ಯಾರನ್ನೂ ಬೈಯಲಿಲ್ಲ. ಖಾನಾವಳಿಯ ಮಂದಿ ಅದನ್ನೇ ನೋಡಿ ಹೆದರಿದರು.

ಸದಾನಂದ ಡಾಕ್ಟರರ ಹೆಸರು ಹೇಳಿದ್ದು ಅದೇ ಸೋನೋಗ್ರಫಿಯ ಡಾಕ್ಟರಬಾಯಿ. ಮುನಿಸಿಪಾಲ್ಟಿ ಆಸ್ಪತ್ರೆಯ ಮೂತ್ರರೋಗದ ಸರ್ಜನ್. ಉಡುಪಿ ಕಡೆಯವರು, ಕನ್ನಡದವರು. ಅವರು ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕೈನರಕ್ಕೆ ಔಷಧಿ ಚುಚ್ಚಿದಾಗ ಮೈಯೆಲ್ಲ ಒಲೆಯ ಮುಂದೆ ಕೂತಂತೆ ಬಿಸಿಯಾಯಿತು. "ಹೆದರಬೇಡಿ" ಎಂದರಂತೆ. "ಒಲಿ ಮುಂದನ ಹುಟ್ಟೀನ್ರಿ ನಾ, ಹೆದರೂದೇನು?" ಎಂದಳಂತೆ ಅಂಬವ್ವ. ಬಾಯಿ ತಿರುಗಿ ಬಂದಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಸದಾನಂದ ಡಾಕ್ಟರರು ಕರಿ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಗಂಡಹೆಂಡಿರನ್ನು ಮುಂದೆ ಕೂರಿಸಿಕೊಂಡರು.

"ನೋಡಿ ಅಮ್ಮ, ಗಡ್ಡೆ ಸಣ್ಣದುಂಟು. ನೆಲ್ಲಿಕಾಯಿಯಷ್ಟು. ಬರೀ ನೀರಿನ ಗುಳ್ಳೆಯಾಗಿದ್ದರೆ ನಾವು ಕೊಟ್ಟ ಔಷಧಿಗೆ ಬೆಳಗ್ತಿರಲಿಲ್ಲ. ಇದು ಬೆಳಗಿದೆ. ಅಂದರೆ ಒಳಗೆ ರಕ್ತ ಓಡಾಡ್ತಾ ಉಂಟು, ಬಿಡುವ ಹಾಗಿಲ್ಲ. ಆದರೆ ದೊಡ್ಡ ರಕ್ತನಾಳಕ್ಕೆ ಹೋಗಿಲ್ಲ, ಒಂದು ತುದಿಯಲ್ಲಿ ಉಂಟು. ಅದು ನಿಮ್ಮ ಅದೃಷ್ಟ."

"ಇಡೀದ ತಗೀಬೇಕಂದ್ರಲ್ರೀ ಆ ಸಾಹೇಬ್ರು?"

"ಇನ್ನೊಂದು ಕಿಡ್ನಿ ಇದ್ದಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಅದೇ ಕ್ರಮ. ನಿಮಗೆ ಇರುವುದು ಒಂದೇ ಅಲ್ವಾ? ಗಡ್ಡೆಯನ್ನೂ ಅದರ ಸುತ್ತ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ಕೊಯ್ದು ತೆಗೆಯುವುದು, ಉಳಿದದ್ದನ್ನು ಹೊಲಿಯುವುದು. ನಾನು ಮಾಡ್ತೇನೆ."

ಅಂಬವ್ವನ ಮುಖ ಅರಳಿತು. "ಬದ್ನೀಕಾಯ್ದಾಗ ಹುಳಕ ಇದ್ದಷ್ಟ ಕೊರದು ಒಗದು ಉಳದದ್ದು ಎಣ್ಣಿಗಾಯಿಗೆ ಹಾಕ್ತೀವಲ್ರೀ, ಹಂಗ. ತೊಟ್ಟಿಗೆ ಮಾತ್ರ ಕೈ ಹಚ್ಚಬಾರದು."

ಡಾಕ್ಟರರು ನಕ್ಕುಬಿಟ್ಟರು. "ಇಲ್ಲಿ ತೊಟ್ಟಿಗೇ ಮೊದಲು ಕೈ ಹಾಕ್ಬೇಕು ಮಾರಾಯ್ರೆ! ರಕ್ತ ಬರುವುದು ಅಲ್ಲಿಂದಲೇ. ಅದನ್ನು ಚಿಮಟಾದಲ್ಲಿ ಹಿಡಿದು, ಕಿಡ್ನಿಯ ಸುತ್ತ ಐಸ್ ತುಂಬಿ, ಅದು ತಣ್ಣಗಿರುವಾಗಲೇ ಕೊಯ್ದು ಹೊಲಿದು ಮುಗಿಸಬೇಕು." ಆಮೇಲೆ ನಗು ನಿಲ್ಲಿಸಿ, ಸಂಗಪ್ಪನ ಕಡೆಗಲ್ಲ, ಅಂಬವ್ವನ ಕಡೆಗೇ ನೋಡಿ ಹೇಳಿದರು. "ಒಂದು ಮಾತು ಮೊದಲೇ ಹೇಳ್ಬೇಕು. ರಕ್ತ ನಿಲ್ಲದೇ ಹೋದರೆ ಜೀವ ಉಳಿಸಲಿಕ್ಕೆ ಇಡೀ ಕಿಡ್ನಿ ತೆಗೆಯಬೇಕಾದೀತು. ಆಗ ಮಷಿನ್ ತಪ್ಪುವುದಿಲ್ಲ."

"ನೀವು ನನ್ನ ಮುಖ ನೋಡಿ ಹೇಳಿದ್ರಲ್ಲ, ಅಷ್ಟ ಸಾಕ್ರಿ," ಎಂದಳು ಅಂಬವ್ವ. ಹೆದರಿಕೆ ಹೋಗಿರಲಿಲ್ಲ. ಆದರೆ ಹೆದರಿಕೆಯ ಜೊತೆ ಒಂದು ದಾರಿಯೂ ಕಂಡಿತ್ತು.

ಇಷ್ಟು ಹೊತ್ತಿಗೆ ಸುದ್ದಿ ಗೋರೆಗಾಂವಕ್ಕೆ ಮುಟ್ಟಿತ್ತು.

ಪರಪ್ಪ ಪ್ರತಿ ರವಿವಾರ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಅಕ್ಕನ ಕೈಯೂಟಕ್ಕೆ ಬರುತ್ತಿದ್ದ. ಒಂಬತ್ತು ವರ್ಷದ ಪದ್ಧತಿ. ತಾಟಿನ ಬಲಗಡೆ ಒಂದು ಸ್ಟೀಲಿನ ಡಬ್ಬಿ ಇಡುತ್ತಿದ್ದ, ಊಟವಾದ ಮೇಲೆ ಅದರೊಳಗಿನ ಗುಳಿಗೆ ನುಂಗುತ್ತಿದ್ದ. ಬೇರೆಯವರ ಅಂಗವನ್ನು ಮೈ ಹೊರಗೆ ದೂಡದಿರಲೆಂದು ಕೊಟ್ಟ ಗುಳಿಗೆ ಅವು, ಇರುವತನಕ ತಪ್ಪಿಸುವಂತಿಲ್ಲ. ಅಂಬವ್ವ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ನೀರಿನ ತಂಬಿಗೆ ಮಾತ್ರ ಡಬ್ಬಿಯ ಪಕ್ಕಕ್ಕೆ ಸರಿಸುತ್ತಿದ್ದಳು. ಅಕ್ಕ ತಮ್ಮನ ನಡುವೆ ಆ ವಿಷಯದಲ್ಲಿ ನಡೆಯುತ್ತಿದ್ದ ಮಾತುಕತೆ ಅಷ್ಟೇ.

ಆಸ್ಪತ್ರೆಗೆ ಸೇರುವ ಹಿಂದಿನ ರವಿವಾರ ಪರಪ್ಪ ಬಂದ. ಹಣೆಯ ತುಂಬ ವಿಭೂತಿ, ಮೈಮೇಲೆ ಒಗೆದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಬರೆ ತುಂಬಿದ ಚೀಲ. ಮುಖ ಊದಿಕೊಂಡಿತ್ತು. ತಾಟಿನ ಮುಂದೆ ಕೂತರೂ ರೊಟ್ಟಿ ಮುರಿಯಲಿಲ್ಲ. ಅಂಬವ್ವ ರೂಢಿಯಂತೆ ತಂಬಿಗೆ ಸರಿಸಲು ಹೋದಳು. ಸರಿಸಲು ಅಲ್ಲಿ ಡಬ್ಬಿಯೇ ಇರಲಿಲ್ಲ.

"ಡಬ್ಬಿ ಎಲ್ಲೈತೋ?"

"ಮರತು ಬಂದೆ ಅಕ್ಕಾ."

"ಇಷ್ಟು ವರ್ಷದಾಗ ಒಂದ್ ಸಲ ಮರೀದಾಂವ ಇವತ್ತ ಮರತಿ? ನನ್ನ ಮುಖ ನೋಡಿ ಹೇಳು."

ಪರಪ್ಪ ಮುಖ ಎತ್ತಲಿಲ್ಲ. ತಾಟು ನೋಡುತ್ತಲೇ ಹೇಳಿದ. "ಗುಳಿಗಿ ಬಿಟ್ಟೀನಿ. ನಿಂದು ನಿನಗ ಕೊಡಬೇಕಲ್ಲ. ಇಸಗೊಂಡ ಪಾತ್ರಿ ತೊಳೀದ ಹೆಂಗ ಕೊಡೂದು? ಇಷ್ಟು ವರ್ಷ ಆ ಕಹಿ ಔಷಧ ಅದರ ಮ್ಯಾಲ ಸುರವೀನಿ. ಅದೆಲ್ಲ ಹೋಗಿ ಸ್ವಚ್ಛ ಆಗ್ಲಿ ಅಂತ ನೀರಷ್ಟ ಕುಡದು ಇದ್ದೀನಿ. ಅರಬಿ ತಂದೀನಿ. ನಿನ್ನ ಜೋಡಿ ನಾನೂ ಮಲಗ್ತೀನಿ. ನಂದು ತಗದು ನಿನಗ ಹಾಕಲಿ."

ಈ ಪುಣ್ಯಾತ್ಮ ಯಾರನ್ನೂ ಕೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕಿಡ್ನಿಯೆಂದರೆ ಕೊಟ್ಟು ತಿರುಗಿ ಇಸಿದುಕೊಳ್ಳುವ ಹಿತ್ತಾಳೆ ಬೋಗುಣಿ ಎಂದುಕೊಂಡು ಉಪವಾಸ ಕೂತುಬಿಟ್ಟಿದ್ದಾನೆ! ಅಂಬವ್ವನಿಗೆ ಸಂಕಟದ ಹಿಂದೆಯೇ ಸಿಟ್ಟು ಬಂತು. ಖಾನಾವಳಿ ತುಂಬ ಉಣ್ಣುವವರು ಕೂತಿದ್ದಾರೆಂಬುದನ್ನೂ ಮರೆತು ಗುಡುಗಿದಳು.

"ಇಸಗೊಂಡದ್ದೇನೋ ಅದು, ಪರ್ಯಾ? ಯಾರು ಹೇಳಿದ್ರು ನಿನಗ? ವರ್ಷಾ ನಾಗರ ಪಂಚಮಿಗೆ ನೀ ನನ್ನ ಉಡಿ ತುಂಬತೀ. ಒಂದ್ ಸಲ ನಾ ನಿನ್ನ ಉಡಿ ತುಂಬೀನಿ. ಉಡ್ಯಾಗ ಬಿದ್ದದ್ದನ್ನ ಯಾರರ ತೊಳದು ವಾಪಸ್ ಕೊಡ್ತಾರೇನು? ನಾ ಕೊಟ್ಟ ಕಿಡ್ನೀನ ಕೊಲ್ಲಾಕ ಕುಂತೀಯಲ್ಲೋ, ಬುದ್ಧಿಗೇಡಿ!"

ರಾಚವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಸೀಯಿತು. ಉಣ್ಣುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತವು. ಒಂಬತ್ತು ವರ್ಷ ಮುಚ್ಚಿಟ್ಟದ್ದು ಒಂದೇ ಉಸಿರಿನಲ್ಲಿ ಬಯಲಾಗಿತ್ತು. ಅಂಬವ್ವನಿಗೆ ಅದರ ಪರಿವೆಯೇ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ತಮ್ಮನ ರಟ್ಟೆ ಹಿಡಿದು ಎಬ್ಬಿಸಿ, "ಟ್ಯಾಕ್ಸಿ ಕರಸ್ರಿ" ಎಂದು ಗಂಡನಿಗೆ ಹೇಳಿದಳು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಪರಪ್ಪನ ಮೈ ಅಕ್ಕನ ಕಿಡ್ನಿಯ ಮೇಲೆ ಆಗಲೇ ಜಗಳ ತೆಗೆದಿತ್ತು. ಸದಾನಂದ ಡಾಕ್ಟರರು ಅವನ ಮಂಚದ ಹತ್ತಿರ ಬಂದು, ಗದರಿಸಲಿಲ್ಲ, ನಿಧಾನವಾಗಿ ತಿಳಿಸಿ ಹೇಳಿದರು. "ಅದು ಈಗ ನಿಮ್ಮ ನರಗಳಿಗೆ ಹೊಲಿದಾಗಿದೆ. ತೆಗೆದು ಅಕ್ಕನಿಗೆ ಹಾಕಿದರೆ ನಿಮಗೂ ಇಲ್ಲ, ಅವರಿಗೂ ದಕ್ಕುವುದಿಲ್ಲ. ಇನ್ನು ಕೆಲವು ದಿನ ಹೀಗೇ ಬಿಟ್ಟಿದ್ದರೆ ಅದು ಸತ್ತೇಹೋಗ್ತಿತ್ತು." ಪರಪ್ಪ ಗೋಡೆಯ ಕಡೆ ಹೊರಳಿ ಅತ್ತ. ಸಲೈನಿನ ಬಾಟಲಿಯಲ್ಲಿ ಆ ಜಗಳ ಅಡಗಿಸುವ ದೊಡ್ಡ ಔಷಧಿ ಹನಿಹನಿಯಾಗಿ ಇಳಿಯಲು ಶುರುವಾಯಿತು.

ಅಂಬವ್ವ ಡಾಕ್ಟರರನ್ನು ಪಡಸಾಲೆಯಲ್ಲಿ ಅಡ್ಡಗಟ್ಟಿದಳು. "ಸಾಹೇಬ್ರ, ಅಂವಂದು ರಕ್ತ ಸರಿ ಆಗೂತನಕ ನಾ ಟೇಬಲ್ ಹತ್ತೂದಿಲ್ಲ."

"ನಿಮ್ಮ ಗಡ್ಡೆ?"

"ನೀವ ಅಂದೀರಿ ಸಣ್ಣದೈತಿ ಅಂತ. ನೆಲ್ಲಿಕಾಯಿ ನಾಳೆ ಕುಂಬಳಕಾಯಿ ಆಗೂದಿಲ್ಲಲ್ಲ?"

ಆಗುವುದಿಲ್ಲ, ಇಂಥ ಸಣ್ಣ ಗಡ್ಡೆ ಸಾವಕಾಶವಾಗಿ ಬೆಳೆಯುವಂಥದು, ಸ್ವಲ್ಪ ದಿನ ತಡೆಯಬಹುದು ಎಂದು ಡಾಕ್ಟರರೂ ಒಪ್ಪಿದರು. ಅಂಬವ್ವನ ಲೆಕ್ಕ ಬೇರೆಯೇ ಇತ್ತು. ಹೊಟ್ಟೆಯಲ್ಲಿದ್ದದ್ದು ಕೈಬಿಟ್ಟರೆ ಬಿಡಲಿ, ಹೊರಗೆ ಕೊಟ್ಟದ್ದಾದರೂ ಬದುಕಿದೆ ಎಂದು ತಿಳಿದುಕೊಂಡೇ ಮಲಗಬೇಕಾಗಿತ್ತು ಆಕೆಗೆ.

ಮಳೆಗಾಲ ಹಿಡಿದಿತ್ತು. ಪರಪ್ಪನ ಮುಖದ ಬಾವು ಇಳಿಯಿತು, ಮೂತ್ರ ಸಲೀಸಾಯಿತು. ರಕ್ತದ ರಿಪೋರ್ಟ್ ಸರಿಬಂದಿದೆ ಎಂದು ಡಾಕ್ಟರರು ಹೇಳಿದ ಸಂಜೆ ಅಂಬವ್ವ ತಲೆ ಬಾಚಿ ಹೆರಳು ಹಾಕಿಕೊಂಡು, "ಈಗ ನಡೀರಿ" ಎಂದಳು.

ಆಪರೇಷನ್ನಿನ ದಿನ ಲೋಕಲ್ಲುಗಳು ಮಳೆಗೆ ನಿಂತುಹೋಗಿದ್ದವು. ಆದರೂ ಖಾನಾವಳಿಯ ಮಂದಿ ಮೊಣಕಾಲುಮಟ ನೀರಿನಲ್ಲಿ ನಡೆದು ಬಂದು ಪಡಸಾಲೆಯ ತುಂಬ ಕೂತಿದ್ದರು. ರಕ್ತ ಬೇಕಾದರೆ ಕೊಡುತ್ತೇವೆ ಎಂದು ತೋಳು ಏರಿಸಿಕೊಂಡೇ ಕೂತಿದ್ದರು. "ನಮ್ಮ ಅಂಬವ್ವ ತಮ್ಮಗ ಕಿಡ್ನಿ ಕೊಟ್ಟಾಕಿ ರೀ" ಎಂದು ರಾಚವ್ವ ದಾರಿಯಲ್ಲಿ ಹೋಗುವ ನರ್ಸುಗಳನ್ನೂ ನಿಲ್ಲಿಸಿ ಹೇಳುತ್ತಿದ್ದಳು. ತಾನೇ ಕೊಟ್ಟಂತೆ ಹೇಳುತ್ತಿದ್ದಳು. ಸ್ಟ್ರೆಚರಿನ ಮೇಲೆ ಹೋಗುವಾಗ ಅಂಬವ್ವನಿಗೆ ಅದು ಕಿವಿಗೆ ಬಿತ್ತು. ಬೈಯಬೇಕೆನಿಸಿತು. ಜೊತೆಗೇ ಎದೆಯೂ ಉಬ್ಬಿತು. ಎಷ್ಟು ವರ್ಷ ಅದುಮಿಟ್ಟುಕೊಂಡ ಹೆಮ್ಮೆ ಅದು, ಬೇರೆಯವರ ಬಾಯಲ್ಲಿ ಕೇಳಲು ಇಷ್ಟು ಸವಿಯಾಗಿರುತ್ತದೆಂದು ಆಕೆಗೆ ಗೊತ್ತಿರಲಿಲ್ಲ.

ಒಳಗೆ ಥಂಡಿ. ಹಸಿರು ಬಟ್ಟೆಯವರು. ಒಂದು ಮೂಲೆಯಲ್ಲಿ ಐಸಿಗೆಂದು ಹೆಪ್ಪುಗಟ್ಟಿಸಿದ ಸಲೈನ್ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟುವ ಸದ್ದು ಕೇಳಿಸುತ್ತಿತ್ತು. ಸದಾನಂದ ಡಾಕ್ಟರರ ಕಣ್ಣು ಮಾತ್ರ ಕಾಣುತ್ತಿದ್ದವು. "ಉಳಸ್ರಿ ಸಾಹೇಬ್ರ" ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ನಿದ್ದೆ ಬಂತು.

ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿ ಇಟ್ಟಂತೆ ಉರಿ. ಬಾಯಿ ಒಣಗಿ ನಾಲಿಗೆ ಹೊರಳದು. ಆದರೂ ಆಕೆಯ ಕಣ್ಣು ಮೊದಲು ಹುಡುಕಿದ್ದು ಮಂಚದ ಕೆಳಗಿನ ಮೂತ್ರದ ಚೀಲವನ್ನು. ಇಡೀ ಕಿಡ್ನಿ ತೆಗೆದಿದ್ದರೆ ಆ ಚೀಲ ಖಾಲಿಯೇ ಇರಬೇಕು. ಕತ್ತು ಹೊರಳಿಸಲು ಆಗಲಿಲ್ಲ, ಹೊದಿಕೆ ಅಡ್ಡ ಬಂತು.

ಸದಾನಂದ ಡಾಕ್ಟರರು ಬಗ್ಗಿದರು. ಚೀಲವನ್ನೇ ಎತ್ತಿ ಆಕೆಯ ಕಣ್ಣ ಮುಂದೆ ಹಿಡಿದರು. ಸ್ವಲ್ಪ ಕೆಂಪಗೆ, ಆದರೆ ಅರ್ಧ ತುಂಬಿತ್ತು.

"ಮುಕ್ಕಾಲಿಗಿಂತ ಹೆಚ್ಚು ಉಳಿಸಿದ್ದೇವೆ ಅಮ್ಮ. ಕೊಯ್ದ ಅಂಚನ್ನು ಅಲ್ಲಿಯೇ ಲ್ಯಾಬಿನವರು ನೋಡಿದ್ರು, ಸ್ವಚ್ಛ ಉಂಟು. ತೊಟ್ಟು ಗಟ್ಟಿ ಉಂಟು."

ಸಾಹೇಬರ ಕಣ್ಣೂ ಹೊಳೆಯುತ್ತಿತ್ತು. ಅವರಿಗೂ ಹೆಮ್ಮೆಯೇ. ಆ ದಿನಗಳಲ್ಲಿ ಇಂಥ ಕೆಲಸ ಎಲ್ಲರೂ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಅಂಬವ್ವ ಒಣಗಿದ ತುಟಿ ಬಿಡಿಸಿ ಕೇಳಿದಳು.

"ಪರಪ್ಪಂದು?"

"ಅದೂ ನಡೀತಾ ಉಂಟು. ನಿಮ್ಮ ಎರಡೂ ಕೆಲಸ ಮಾಡ್ತಾ ಉಂಟು."

ಅಂಬವ್ವ ಆಗ ಅತ್ತಳು. ನೋವಿಗೆ ಎಂದುಕೊಂಡು ನರ್ಸಬಾಯಿ ಇಂಜೆಕ್ಷನ್ ಕೊಟ್ಟಳು.

ತೆಗೆದ ಗಡ್ಡೆ ಕ್ಯಾನ್ಸರೇ ಎಂದು ಆಮೇಲೆ ರಿಪೋರ್ಟ್ ಬಂತು. ಬುಡಸಮೇತ ಬಂದಿದೆ, ಬೇರೆ ಔಷಧಿ ಬೇಕಿಲ್ಲ, ಆಗಾಗ ಸೋನೋಗ್ರಫಿ ಮಾಡಿಸುತ್ತಿರಿ ಎಂದು ಕಳಿಸಿಕೊಟ್ಟರು. ಪಂಚಮಿ ಬಂದಾಗ ಅಂಬವ್ವ ಇನ್ನೂ ಬೆನ್ನಿಗೆ ದಿಂಬು ಕೊಟ್ಟುಕೊಂಡೇ ಕೂರುತ್ತಿದ್ದಳು. ಪರಪ್ಪ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ, ಐದು ಬಗೆಯ ಉಂಡಿ ಹಿಡಿದು ಬಂದ. ಅಕ್ಕನ ಮುಂದೆ ನಿಲ್ಲಲು ಅವನಿಗೆ ಇನ್ನೂ ನಾಚಿಕೆ. ಅಂಬವ್ವ ಸೆರಗು ಒಡ್ಡಲಿಲ್ಲ. "ಮೊದಲ ಡಬ್ಬಿ ತಗಿ" ಎಂದಳು. ಅವನು ಗುಳಿಗೆ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದ ಮೇಲೆ ಉಡಿ ಒಡ್ಡಿದಳು. ರಾಚವ್ವ ಬಾಗಿಲ ಹಿಂದೆ ನಿಂತು ಬಿದ್ದು ಬಿದ್ದು ನಕ್ಕಳು.

ದಸರೆಯ ಹೊತ್ತಿಗೆ ಅಂಬವ್ವ ಮತ್ತೆ ಅದೇ ಸೋನೋಗ್ರಫಿಯ ಕೋಣೆಗೆ ಹೋದಳು. ಈ ಸಲ ಸಂಗಪ್ಪನ ಜೊತೆ ಪರಪ್ಪನನ್ನೂ ಎಳೆದುಕೊಂಡು ಹೋಗಿದ್ದಳು. ಡಾಕ್ಟರಬಾಯಿ ಆಕೆಯ ಬಲಪಕ್ಕೆ ನೋಡಿದಳು. ಕೆಳತುದಿ ಕಡಿದು ಮೊಟಕಾದ ಕಿಡ್ನಿ ತನ್ನ ಪಾಡಿಗೆ ತಾನಿತ್ತು, ಗಡ್ಡೆಯ ಸುಳಿವಿರಲಿಲ್ಲ. ಬಹುತ್ ಅಚ್ಛಾ ಎಂದಳು. ಅಂಬವ್ವ ಹೊಟ್ಟೆ ಒರೆಸಿಕೊಂಡು ಮಂಚದಿಂದ ಇಳಿದಳು. ಇಳಿದು ಹೊರಗೆ ಹೋಗಲಿಲ್ಲ. ಬಾಗಿಲು ತೆರೆದು ತಮ್ಮನನ್ನು ಒಳಗೆ ಕರೆದು, ಅದೇ ಮಂಚದ ಮೇಲೆ ಮಲಗಿಸಿದಳು.

"ದೂಸ್ರಾ ಕಹಾಂ ಹೈ ಪೂಛಾ ಥಾ ನಾ, ಡಾಕ್ಟರಬಾಯಿ?" ಎಂದಳು. "ಲೇಕೆ ಆಯಿ ಹೂಂ. ದೇಖೋ." ತಂದಿದ್ದೇನೆ, ನೋಡು ಎಂದು ತಮ್ಮನ ಹೊಟ್ಟೆಯತ್ತ ಕೈ ಮಾಡಿದಳು.

ಡಾಕ್ಟರಬಾಯಿ ಈಗ ನಕ್ಕಳು. ಪರಪ್ಪನ ಹೊಟ್ಟೆಯ ಕೆಳಗೆ ಬಲಗಡೆ ಲೋಳೆ ಬಳಿದು, ಪರದೆಯನ್ನು ಅಂಬವ್ವನ ಕಡೆ ತಿರುಗಿಸಿದಳು. ಬೂದುಬಣ್ಣದ ನಡುವೆ ಅದು ಕಂಡಿತು. ತುಂಬಿಕೊಂಡು, ನುಣ್ಣಗೆ, ಎಲ್ಲೂ ಮುಕ್ಕಾಗದೆ ಕೂತಿತ್ತು. ತನ್ನ ಮೈಯೊಳಗೆ ಮೂವತ್ತು ವರ್ಷ ಇದ್ದದ್ದನ್ನು ಅಂಬವ್ವ ಮೊಟ್ಟಮೊದಲ ಸಲ ನೋಡುತ್ತಿದ್ದಳು. ಆಕೆ ಹತ್ತಿರ ಬಗ್ಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

"ಏನ್ ಚಂದ ಇಟಗೊಂಡೀಯೋ ಪರ್ಯಾ!" ಎಂದು ತಮ್ಮನ ತಲೆ ಸವರಿದಳು.